ಚಳಿಗಾಲದಲ್ಲಿ ಎಸಿಗೆ ಗ್ಯಾಸ್ ಹಾಕಿಸುವ ಮುಂಚೆ ದಪ್ಪ ಪೈಪು ಮುಟ್ಟಿ ನೋಡಿ

ಡಿಸೆಂಬರ್ ಎರಡನೇ ವಾರ ಬಂತೆಂದರೆ ಎಸಿ ರಿಪೇರಿ ಮಾಡುವ ನನ್ನ ಫೋನಿಗೆ ಬರುವ ದೂರು ಉಲ್ಟಾ ಆಗುತ್ತದೆ. ಮೇ ತಿಂಗಳಲ್ಲಿ "ಎಸಿ ತಂಪ ಮಾಡವಲ್ದು" ಅಂದವರೇ ಈಗ "ರೀ, ಹೀಟ್ ಹಚ್ಚಿದ್ರೂ ತಣ್ಣನ್ನ ಗಾಳಿ ಬರಾಕತ್ತೈತಿ" ಅನ್ನುತ್ತಾರೆ. ಪುಣೆಯಲ್ಲಿ ಬೆಳಗಿನ ಜಾವ ಹತ್ತು ಡಿಗ್ರಿಗಿಂತ ಕೆಳಗೆ ಹೋಗುವ ದಿನಗಳು ವರ್ಷಕ್ಕೆ ಕೆಲವೇ. ಆದರೆ ವಯಸ್ಸಾದವರು, ಹಸುಗೂಸು ಇರುವ ಮನೆಗಳಲ್ಲಿ ಅಷ್ಟಕ್ಕೇ ಬಿಸಿಗಾಳಿಯನ್ನೂ ಕೊಡುವ ಹಾಟ್ ಅಂಡ್ ಕೋಲ್ಡ್ ಎಸಿ ಹಾಕಿಸಿರುತ್ತಾರೆ. ವರ್ಷಕ್ಕೊಮ್ಮೆ ಒತ್ತುವ ಬಟನ್ ಅದು. ಹಾಗಾಗಿ ಕೆಟ್ಟಿದೆಯೋ, ನಮಗೇ ಒತ್ತಲು ಬಂದಿಲ್ಲವೋ ಅನ್ನುವುದು ಬೇಗ ತಿಳಿಯುವುದಿಲ್ಲ.

ನಿಗಡಿ ಪ್ರಾಧಿಕರಣದಲ್ಲಿ ಗದಗ ಕಡೆಯ ಒಬ್ಬ ಕಾಕೂ ಇದ್ದಾರೆ. ಹೋದ ಜನವರಿಯಲ್ಲಿ ಬೆಳಿಗ್ಗೆ ಆರೂವರೆಗೇ ಫೋನ್ ಮಾಡಿದರು. ಹೋಗಿ ನೋಡಿದರೆ ಎರಡು ಕೌದಿ ಹೊದ್ದು ಸೋಫಾ ಮೇಲೆ ಕೂತಿದ್ದಾರೆ, ಎದುರಿಗೆ ಎಸಿ ಭರ್ ಅಂತ ತಣ್ಣನೆ ಗಾಳಿ ಊದುತ್ತಿದೆ. ರಿಮೋಟ್ ಕೈಗೆ ತಗೊಂಡೆ. ಸೂರ್ಯನ ಗುರುತಿನ ಬದಲು ಮಂಜಿನ ಹರಳಿನ ಗುರುತಿತ್ತು. ಅಂದರೆ ಕೂಲಿಂಗ್. ಮೊಮ್ಮಗ ಮೋಡ್ ಬಟನ್ ಒತ್ತಿ ಹೋಗಿದ್ದ. "ನಾನು ಅದನ್ನ ಹೂವಿನ ಚಿತ್ರ ಅಂದ್ಕೊಂಡಿದ್ನೋ ತಮ್ಮಾ" ಅಂದರು. ಆ ದಿನ ದುಡ್ಡು ತಗೊಳ್ಳಲಿಲ್ಲ, ಚಹಾ ಮತ್ತು ಎರಡು ಎಳ್ಳುಂಡೆ ತಗೊಂಡೆ.

ನಗಬೇಡಿ. ಚಳಿಗಾಲದ ನನ್ನ ದೂರುಗಳಲ್ಲಿ ಬಹಳಷ್ಟು ಇಂಥವೇ. ಇನ್ನು ಕೆಲವರು ಸೂರ್ಯನ ಗುರುತಿಟ್ಟು ಟೆಂಪರೇಚರ್ 18ಕ್ಕೆ ಇಳಿಸಿರುತ್ತಾರೆ. ನಂಬರ್ ಕಡಿಮೆ ಮಾಡಿದರೆ ಮಷೀನ್ ಜಾಸ್ತಿ ಕೆಲಸ ಮಾಡುತ್ತದೆ ಅನ್ನುವುದು ಬೇಸಿಗೆಯ ಅಭ್ಯಾಸ. ಹೀಟ್‌ನಲ್ಲಿ ಅದು ತಿರುಗುಮುರುಗು. ರೂಮಿನಲ್ಲಿ ಆಗಲೇ 20 ಇದ್ದರೆ, 18 ಕೇಳಿದ ಮಷೀನ್ ಸುಮ್ನೆ ಕೂರುತ್ತದೆ. 25ಕ್ಕೆ ಇಡಿ. ಗಾಳಿ ಬರುವ ರೆಕ್ಕೆಯನ್ನು ಕೆಳಮುಖ ಮಾಡಿ, ಬಿಸಿಗಾಳಿ ಮೇಲಕ್ಕೇ ಹೋಗುವಂಥದ್ದಲ್ವಾ. ಜಾಲರಿ ಫಿಲ್ಟರ್ ತೊಳೆದು ಎಷ್ಟು ದಿನ ಆಯಿತು ಅಂತಲೂ ನೆನಪು ಮಾಡಿಕೊಳ್ಳಿ.

ಇನ್ನೊಂದು ಬೇಜಾರಿನ ವಿಷಯ. ರಿಮೋಟ್‌ನಲ್ಲಿ ಹೀಟ್ ಬಟನ್ ಇದೆ ಅಂದ ಮಾತ್ರಕ್ಕೆ ನಿಮ್ಮ ಎಸಿ ಬಿಸಿ ಮಾಡುತ್ತದೆ ಅಂತಲ್ಲ. ಒಂದೇ ರಿಮೋಟನ್ನು ಹತ್ತು ಮಾಡೆಲ್‌ಗೆ ಕೊಡುವ ಕಂಪನಿಗಳಿವೆ. ಔಟ್‌ಡೋರ್ ಯೂನಿಟ್‌ನ ಸ್ಟಿಕ್ಕರ್ ಓದಿ. ಕೂಲಿಂಗ್ ಕೆಪಾಸಿಟಿ ಜೊತೆ ಹೀಟಿಂಗ್ ಕೆಪಾಸಿಟಿ ಅಂತ ಬೇರೆ ಸಾಲು ಇದ್ದರೆ ಸರಿ. ಇಲ್ಲದಿದ್ದರೆ ಯಾವ ಮೆಕ್ಯಾನಿಕ್ ಬಂದರೂ ಬಿಸಿಗಾಳಿ ಬರುವುದಿಲ್ಲ.

ಈಗ ಮಷೀನ್ ಒಳಗೆ ಏನಾಗುತ್ತದೆ ನೋಡೋಣ. ಫ್ರಿಜ್ ಹಿಂದೆ ಕೈ ಇಟ್ಟರೆ ಬೆಚ್ಚಗಿರುತ್ತದಲ್ಲ, ಅದು ಒಳಗಿನ ಹಾಲು, ತರಕಾರಿಯಿಂದ ಕಿತ್ತು ತಂದ ಬಿಸಿ. ಬೇಸಿಗೆಯಲ್ಲಿ ನಿಮ್ಮ ಮನೆ ಫ್ರಿಜ್‌ನ ಒಳಗಿದ್ದ ಹಾಗೆ. ಹೀಟ್ ಒತ್ತಿದಾಗ ಮನೆ ಫ್ರಿಜ್‌ನ ಹಿಂಬದಿ ಆಗಬೇಕು, ಹೊರಗಿನ ಚಳಿಗಾಳಿಯಿಂದಲೇ ಇದ್ದಷ್ಟು ಬಿಸಿ ಹೀರಿ ಒಳಗೆ ತರಬೇಕು. ಹಾಗೆ ಹೀರಿ ತರುವುದರಿಂದಲೇ ಒಂದು ಯೂನಿಟ್ ಕರೆಂಟಿಗೆ ಸುಮಾರು ಮೂರು ಯೂನಿಟ್‌ನಷ್ಟು ಬಿಸಿ ಸಿಗುತ್ತದೆ. ಕೆಂಪಗೆ ಕಾಯುವ ರೂಮ್ ಹೀಟರ್ ಒಂದಕ್ಕೆ ಒಂದೇ ಕೊಡುತ್ತದೆ.

ಬಿಸಿ ಹೊತ್ತು ತಿರುಗುವುದು ಪೈಪಿನೊಳಗಿನ ಗ್ಯಾಸ್. ಅದರ ದಿಕ್ಕು ಬದಲಿಸುವುದು ಔಟ್‌ಡೋರ್ ಒಳಗಿರುವ ಫೋರ್ ವೇ ವಾಲ್ವ್. ಹೊಲದಲ್ಲಿ ನೀರು ಹಾಯಿಸುವಾಗ ಒಂದು ಮಡಿ ತುಂಬಿದ ಮೇಲೆ ಸಲಿಕೆಯಿಂದ ಮಣ್ಣು ಎಳೆದು ಇನ್ನೊಂದು ಮಡಿಗೆ ಬಾಯಿ ತಿರುಗಿಸುತ್ತೇವಲ್ಲ, ಅದೇ ಕೆಲಸ. ಸಲಿಕೆ ಬದಲು ಇಲ್ಲಿ ಹೆಬ್ಬೆರಳು ಗಾತ್ರದ, ಕರೆಂಟ್ ಬಂದರೆ ಆಯಸ್ಕಾಂತವಾಗುವ ಒಂದು ಕಾಯಿಲ್ ಇದೆ. ನಮ್ಮಲ್ಲಿ ಬರುವ ಹೆಚ್ಚಿನ ಮಷೀನ್‌ಗಳಲ್ಲಿ ಕಾಯಿಲ್‌ಗೆ ಕರೆಂಟ್ ಸಿಕ್ಕರೆ ಹೀಟಿಂಗ್, ಸಿಗದಿದ್ದರೆ ಕೂಲಿಂಗ್. ಅಂದರೆ ಆ ಕಾಯಿಲ್ ಸುಟ್ಟರೆ, ಅದರ ವೈರ್ ತುಂಡಾದರೆ, ರಿಮೋಟ್‌ನಲ್ಲಿ ಸೂರ್ಯ ಹೊಳೆಯುತ್ತಿದ್ದರೂ ಮಷೀನ್ ಒಳಗೆ ಇನ್ನೂ ಮೇ ತಿಂಗಳು. ಬೇಸಿಗೆಯಲ್ಲಿ ಈ ದೋಷ ಕಾಣುವುದೇ ಇಲ್ಲ.

ಆದರೆ ತಣ್ಣನೆ ಗಾಳಿ ಬಂದ ಕೂಡಲೇ ವಾಲ್ವ್ ಮೇಲೆ ಅನುಮಾನ ಬೇಡ, ಸ್ವಲ್ಪ ಕಾಯಿರಿ. ಆನ್ ಮಾಡಿದ ಮೇಲೆ ಗ್ಯಾಸನ್ನು ಒತ್ತಿ ತಳ್ಳುವ ಕಂಪ್ರೆಸರ್ ಶುರುವಾಗಲು ಮೂರು ನಿಮಿಷ ಹಿಡಿಯಬಹುದು. ಒಳಗಿನ ಯೂನಿಟ್‌ನಲ್ಲಿ ಗ್ಯಾಸ್ ಹರಿಯುವ ಪೈಪಿನ ಸುರುಳಿ ಬಿಸಿಯಾಗುವ ತನಕ ಎಷ್ಟೋ ಮಷೀನ್‌ಗಳು ಬೇಕೆಂದೇ ಫ್ಯಾನ್ ನಿಲ್ಲಿಸಿರುತ್ತವೆ. ನಡುವೆ ಡಿಫ್ರಾಸ್ಟ್ ಅಂತ ಒಂದು ಬರುತ್ತದೆ. ಇಬ್ಬನಿ ಬೀಳುವ ಹೊತ್ತಿನಲ್ಲಿ ಹೊರಗಿನ ಯೂನಿಟ್‌ನ ಸುರುಳಿ ಸೊನ್ನೆಗಿಂತ ಕೆಳಗೆ ಹೋಗಿ ಅದರ ಮೇಲೆ ಬಿಳಿ ಮಂಜು ಕಟ್ಟುತ್ತದೆ. ಅದನ್ನು ಕರಗಿಸಲು ಮಷೀನ್ ತಾನೇ ಐದು ಹತ್ತು ನಿಮಿಷ ಕೂಲಿಂಗ್‌ಗೆ ತಿರುಗುತ್ತದೆ. ಆಗ ಒಳಗಿನ ಫ್ಯಾನ್ ನಿಲ್ಲುತ್ತದೆ, ಹೊರಗೆ ನೀರು ಸುರಿದು ಆವಿ ಏಳುತ್ತದೆ. ಪಾಷಾಣ್‌ನ ಒಂದು ಸೊಸೈಟಿಯ ವಾಚ್‌ಮನ್ ಇದನ್ನು ಹೊಗೆ ಅಂದುಕೊಂಡು ನಾಲ್ಕನೇ ಮಹಡಿಗೆ ಬಕೆಟ್ ಹಿಡಿದು ಓಡಿದ್ದ. ಅರ್ಧರ್ಧ ಗಂಟೆಗೂ ಹೀಗಾದರೆ, ಔಟ್‌ಡೋರ್ ತಳದಲ್ಲಿ ಗಟ್ಟಿ ಐಸ್ ಕೂತರೆ, ಆಗ ಕರೆಯಿರಿ.

ಕಾಲು ಗಂಟೆ ಕಾದರೂ ಬಿಸಿ ಇಲ್ಲವೇ? ಔಟ್‌ಡೋರ್ ನಿಮ್ಮ ಡ್ರೈ ಬಾಲ್ಕನಿಯಲ್ಲೇ ಕೈಗೆ ಸಿಗುವಂತಿದ್ದರೆ, ಅದರ ಪಕ್ಕದಲ್ಲಿ ಎರಡು ಹಿತ್ತಾಳೆ ವಾಲ್ವ್ ಕಾಣುತ್ತವೆ, ಒಂದು ಸಣ್ಣ ಪೈಪಿಗೆ, ಒಂದು ದಪ್ಪ ಪೈಪಿಗೆ. ದಪ್ಪ ಪೈಪನ್ನು ಬೆರಳ ತುದಿಯಿಂದ ಥಟ್ಟನೆ ಮುಟ್ಟಿ ಬಿಡಿ. ಹೀಟಿಂಗ್‌ನಲ್ಲಿ ಅದು ಚಹಾ ಲೋಟದ ಹಾಗೆ ಸುಡಬೇಕು. ತಣ್ಣಗಿದ್ದು ಬೆವರಿದ್ದರೆ ಮಷೀನ್ ಕೂಲಿಂಗ್‌ನಲ್ಲೇ ಇದೆ, ಒಳಗಿನ ಫೋರ್ ವೇ ವಾಲ್ವ್ ತಿರುಗಿಲ್ಲ. ಕಂಪ್ರೆಸರ್ ಗುಂಯ್ ಅನ್ನುತ್ತಿದ್ದು ಪೈಪ್ ಅರೆಬರೆ ಬೆಚ್ಚಗಿದ್ದರೆ ವಾಲ್ವ್ ನಡುವೆ ಸಿಕ್ಕಿಕೊಂಡಿರಬಹುದು, ಗ್ಯಾಸ್ ಕಮ್ಮಿಯೂ ಇರಬಹುದು. ಕಿಟಕಿಯ ಹೊರಗೆ ಸ್ಟ್ಯಾಂಡ್ ಮೇಲೆ ಕೂರಿಸಿದ್ದರೆ ಈ ಸಾಹಸ ಬೇಡ. ಕವರ್ ಅಂತೂ ಬಿಚ್ಚಲೇಬೇಡಿ. ಇನ್ವರ್ಟರ್ ಮಷೀನ್‌ನಲ್ಲಿ ಮೇನ್ ಆಫ್ ಮಾಡಿದ ಮೇಲೂ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ನಷ್ಟು ಸ್ವಲ್ಪ ಹೊತ್ತು ಉಳಿದಿರುತ್ತದೆ.

ಗ್ಯಾಸ್ ವಿಷಯಕ್ಕೆ ಬಂದೆ. ಹಳೆಯ ತಪ್ಪೊಂದನ್ನು ಹೇಳಿಬಿಡುತ್ತೇನೆ. ಪುಣೆಗೆ ಬಂದ ಹೊಸದರಲ್ಲಿ ಕೋಥ್ರೂಡ್‌ನ ಒಂದು ಮನೆಗೆ ಇದೇ ದೂರಿಗೆ ಹೋಗಿದ್ದೆ. ಚಳಿಯ ಬೆಳಿಗ್ಗೆ. ಮಷೀನ್ ನಿಂತಿದ್ದಾಗ ಪ್ರೆಷರ್ ಅಳೆಯುವ ಗೇಜ್ ಹಚ್ಚಿದೆ, 150 ಪಿಎಸ್‌ಐ ಕೂಡ ಇಲ್ಲ. ಬೇಸಿಗೆಯಲ್ಲಿ ಇಂಥದೇ ಮಷೀನ್ 250 ದಾಟಿ ತೋರಿಸಿದ್ದು ನೆನಪಿತ್ತು. ಗ್ಯಾಸ್ ಸೋರಿದೆ ಅಂದೆ, ತುಂಬಿದೆ. ಏಪ್ರಿಲ್‌ನಲ್ಲಿ ಮಷೀನ್ ಹತ್ತು ನಿಮಿಷಕ್ಕೊಮ್ಮೆ ಟ್ರಿಪ್ ಆಗತೊಡಗಿತು. ಗ್ಯಾಸ್ ಹೆಚ್ಚಾಗಿತ್ತು. ಎಲ್ಲ ಗ್ಯಾಸ್ ತೆಗೆದು, ತೂಕ ಮಾಡಿ ಮತ್ತೆ ಹಾಕಿ, ಖರ್ಚನ್ನು ನಾನೇ ಹೊತ್ತೆ.

ನಿಂತ ಮಷೀನ್‌ನ ಪ್ರೆಷರ್ ಗ್ಯಾಸ್ ಎಷ್ಟಿದೆ ಅಂತ ಹೇಳುವುದಿಲ್ಲ, ಹೊರಗೆ ಎಷ್ಟು ಚಳಿ ಇದೆ ಅಂತ ಹೇಳುತ್ತದೆ. ಈಗಿನ ಎಷ್ಟೋ ಎಸಿಗಳಲ್ಲಿರುವ ಆರ್ 32 ಗ್ಯಾಸ್ 10 ಡಿಗ್ರಿಯಲ್ಲಿ ಸುಮಾರು 145 ಪಿಎಸ್‌ಐ ತೋರಿಸಿದರೆ 30 ಡಿಗ್ರಿಯಲ್ಲಿ ಸುಮಾರು 265 ತೋರಿಸುತ್ತದೆ. ಒಳಗಿನ ಗ್ಯಾಸ್ ಒಂದು ಗ್ರಾಂ ಕೂಡ ಬದಲಾಗಿರುವುದಿಲ್ಲ. ಇನ್ನು ಓಡುವಾಗ ನೋಡೋಣ ಅಂದರೆ, ಹೀಟಿಂಗ್‌ನಲ್ಲಿ ದಪ್ಪ ಪೈಪಿನಲ್ಲಿ ಕಂಪ್ರೆಸರ್‌ನಿಂದ ಹೊರಟ ಹೈ ಪ್ರೆಷರ್ ಗ್ಯಾಸ್ ಇರುತ್ತದೆ. ಬೇಸಿಗೆಯ ಲೆಕ್ಕ ಹಿಡಿದು ಅಲ್ಲಿ ಕಡಿಮೆ ಪ್ರೆಷರ್ ಅಳೆಯುವ ನೀಲಿ ಗೇಜ್ ಓದುವವನಿಗೆ ಏನೂ ಗೊತ್ತಾಗುವುದಿಲ್ಲ. ಅದಕ್ಕೇ ಹೇಳುವುದು, ಚಳಿಗಾಲದಲ್ಲಿ ಯಾರಾದರೂ "ಗ್ಯಾಸ್ ಕಮೀ ಆಹೇ" ಅಂದರೆ ಎರಡು ಪ್ರಶ್ನೆ ಕೇಳಿ. ಸೋರಿದ್ದು ಎಲ್ಲಿ? ತೂಕದ ಯಂತ್ರ ತಂದಿದ್ದೀರಾ? ಎಷ್ಟು ಗ್ಯಾಸ್ ಹಾಕಬೇಕು ಅಂತ ಗ್ರಾಂ ಲೆಕ್ಕದಲ್ಲಿ ಸ್ಟಿಕ್ಕರ್ ಮೇಲೆಯೇ ಬರೆದಿರುತ್ತದೆ. ಸೋರುವ ಜಾಗ ಹುಡುಕದೆ ಮೇಲಿಂದ ಸ್ವಲ್ಪ ಸುರಿಯುವುದು ತೂತಿನ ಕೊಡಕ್ಕೆ ನೀರು ತುಂಬಿದ ಹಾಗೆ.

ವಾಲ್ವೇ ಕೆಟ್ಟಿದ್ದರೆ ಕೆಲಸ ದೊಡ್ಡದು. ಗ್ಯಾಸ್ ಪೂರ್ತಿ ತೆಗೆಯಬೇಕು. ಆರ್ 32 ಸ್ವಲ್ಪ ಮಟ್ಟಿಗೆ ಉರಿಯುವ ಗ್ಯಾಸ್, ಅದು ಒಳಗಿರುವಾಗ ಪೈಪಿಗೆ ಬೆಸುಗೆಯ ಬೆಂಕಿ ತಾಗಿಸಬಾರದು. ಬೆಸುಗೆ ಹಾಕುವಾಗ ವಾಲ್ವ್‌ಗೆ ಒದ್ದೆ ಬಟ್ಟೆ ಸುತ್ತಬೇಕು, ಇಲ್ಲದಿದ್ದರೆ ಒಳಗೆ ಸರಿದಾಡುವ ಪ್ಲಾಸ್ಟಿಕ್ ತುಂಡು ಕರಗಿ ಹೊಸ ವಾಲ್ವ್ ಅಲ್ಲೇ ಹಾಳು. ಆದರೆ ಬಹಳ ಸಲ ಕೆಟ್ಟಿರುವುದು ಬರೀ ಕಾಯಿಲ್. ಅದಕ್ಕೆ ಗ್ಯಾಸ್ ಮುಟ್ಟುವ ಅಗತ್ಯವೇ ಇಲ್ಲ, ಒಂದು ಸ್ಕ್ರೂ ಬಿಚ್ಚಿ ಬದಲಿಸಬಹುದು.

ಕಳೆದ ಡಿಸೆಂಬರ್‌ನಲ್ಲಿ ಕಾತ್ರಜ್‌ನಲ್ಲಿ ವಿಜಯಪುರದ ಒಂದು ಕುಟುಂಬದ ಮನೆಗೆ ಹೋದೆ. ಮನೆಯಲ್ಲಿ ಬಾಣಂತಿ ಮಗಳು. ನನಗಿಂತ ಮುಂಚೆ ಬಂದವರು ವಾಲ್ವ್ ಮತ್ತು ಗ್ಯಾಸ್ ಸೇರಿಸಿ ದೊಡ್ಡ ಮೊತ್ತ ಬರೆದುಕೊಟ್ಟಿದ್ದರು. ದಪ್ಪ ಪೈಪ್ ತಣ್ಣಗಿತ್ತು. ಹೀಟ್ ಒತ್ತಿಸಿ ಕಾಯಿಲ್ ತಲೆಗೆ ಸ್ಕ್ರೂಡ್ರೈವರ್ ಹಿಡಿದೆ, ಆಯಸ್ಕಾಂತದ ಸೆಳೆತವೇ ಇಲ್ಲ. ವೈರ್ ಹಿಡಿದು ಹೋದರೆ, ಬೋರ್ಡ್‌ನ ಹತ್ತಿರ ಇಲಿ ಕಡಿದು ಎರಡು ತುಂಡು ಮಾಡಿತ್ತು. ಪಕ್ಕದಲ್ಲೇ ಶೇಂಗಾ ಸಿಪ್ಪೆ. ಮೇನ್ ತೆಗೆದು, ಕಾದು, ವೈರ್ ಜೋಡಿಸಿ ಸ್ಲೀವ್ ಹಾಕಿದೆ. ಮತ್ತೆ ಆನ್ ಮಾಡಿದಾಗ ಔಟ್‌ಡೋರ್ ಒಳಗಿಂದ ಟಕ್, ಆಮೇಲೆ ಸುಂಯ್ ಅಂತ ಸದ್ದು ಬಂತು. ವಾಲ್ವ್ ತಿರುಗಿತ್ತು.

ಯಜಮಾನರು ಆ ಸಿಪ್ಪೆ ಕೈಯಲ್ಲಿ ಹಿಡಿದು ಒಳಗೆ ಕೂಗಿದರು, "ಏ, ಬಾಲ್ಕನ್ಯಾಗ ಶೇಂಗಾ ಚೀಲ ಇಟ್ಟಾವ್ರು ಯಾರು?"