ಮೊಲೊಟೊವ್ ಕೈ ಎತ್ತದ ಎರಡು ಸಲ

ಸೋವಿಯತ್ ನಾಯಕ ವ್ಯಾಚೆಸ್ಲಾವ್ ಮೊಲೊಟೊವ್ ಎಂದರೆ ಇಂದು ಹೆಚ್ಚಿನವರಿಗೆ ನೆನಪಾಗುವುದು ಪೆಟ್ರೋಲ್ ಬಾಂಬು. 1939-40ರ ಯುದ್ಧದಲ್ಲಿ ಫಿನ್ಲೆಂಡ್ ಸೈನಿಕರು ಸೋವಿಯತ್ ಟ್ಯಾಂಕುಗಳ ಮೇಲೆ ಎಸೆದ ಬೆಂಕಿ ಬಾಟಲಿಗಳಿಗೆ ಆತನ ಹೆಸರಿಟ್ಟರು. ಆದರೆ ಕಮ್ಯುನಿಸ್ಟ್ ಪಕ್ಷವೊಂದು ತನ್ನ ನಿಷ್ಠಾವಂತನನ್ನು ಹೇಗೆ ಬೆಳೆಸಿ ಹೇಗೆ ಬಿಸುಟಿತು ಎಂಬುದಕ್ಕೆ ಈತನ ಬದುಕಿಗಿಂತ ಸ್ಪಷ್ಟ ಸಾಕ್ಷಿ ನನಗೆ ಕಂಡಿಲ್ಲ.

1906ರಲ್ಲಿ, ಹದಿಹರೆಯದಲ್ಲೇ ಆತ ಬೊಲ್ಶೆವಿಕ್, ಅಂದರೆ ಲೆನಿನ್ ಬಣದವನಾದ. ಮಾತುಗಾರನಲ್ಲ, ಸಿದ್ಧಾಂತಿಯೂ ಅಲ್ಲ. ಕಡತಗಳ ಮುಂದೆ ದಣಿವಿಲ್ಲದೆ ಕೂರಬಲ್ಲವನು. ಸ್ಟಾಲಿನ್‌ಗೆ ಬೇಕಿದ್ದುದು ಅಂಥವನೇ. 1930ರಿಂದ 1941ರವರೆಗೆ ಆತ ಸೋವಿಯತ್ ಸರ್ಕಾರದ ಮುಖ್ಯಸ್ಥ. 1932ರಲ್ಲಿ ಧಾನ್ಯ ವಸೂಲಿಗೆಂದು ಉಕ್ರೇನಿಗೆ ಹೋದ; ಅದರ ಬೆನ್ನಿಗೇ ಲಕ್ಷಾಂತರ ಜನ ಹಸಿವಿನಿಂದ ಸತ್ತರು. 1937-38ರ ಮಹಾ ದಮನದ ಕಾಲದಲ್ಲಿ, ಬಹುಪಾಲು ಮರಣದಂಡನೆಯ ಹೆಸರುಗಳೇ ಇದ್ದ 370ಕ್ಕೂ ಹೆಚ್ಚು ಪಟ್ಟಿಗಳಿಗೆ ಆತನ ಸಹಿ ಬಿತ್ತು. ಸ್ಟಾಲಿನ್ ಸಹಿ ಹಾಕಿದ್ದು ಕೂಡ ಅದಕ್ಕಿಂತ ಕಡಿಮೆ ಪಟ್ಟಿಗಳಿಗೆ. ಮುಂದೆ ಆತನಿಗಾದ ಅನ್ಯಾಯವನ್ನು ಓದುವಾಗ ಇದನ್ನು ಮರೆಯಬಾರದು.

ಹೆಂಡತಿ ಪೊಲಿನಾ ಜೆಮ್ಚುಜಿನಾ ಕೂಡ ಪಕ್ಷದ ದೊಡ್ಡ ಅಧಿಕಾರಿಯೇ, ಮೀನುಗಾರಿಕೆ ಖಾತೆ ನೋಡಿಕೊಂಡಿದ್ದವಳು. ಯಹೂದಿಯಾಗಿದ್ದ ಆಕೆಯ ಮೇಲೆ ಸ್ಟಾಲಿನ್‌ನ ಸಂಶಯದ ಕಣ್ಣು ಬಿತ್ತು. 1948ರ ಕೊನೆಯಲ್ಲಿ ಆಕೆಯನ್ನು ಪಕ್ಷದಿಂದ ಹೊರಹಾಕುವ ನಿರ್ಣಯ ಪಾಲಿಟ್‌ಬ್ಯೂರೋದ ಮುಂದೆ ಬಂದಾಗ ಮೊಲೊಟೊವ್ ತಟಸ್ಥನಾಗಿ ಉಳಿದ. ವಿರೋಧಿಸಲಿಲ್ಲ, ಕೈ ಎತ್ತಲಿಲ್ಲ, ಅಷ್ಟೇ. ಅದೂ ಕೆಲವೇ ವಾರಗಳ ಮಾತು. ಜನವರಿಯಲ್ಲಿ ಸ್ಟಾಲಿನ್‌ಗೆ ಪತ್ರ ಬರೆದು, ತಟಸ್ಥನಾಗಿದ್ದು ರಾಜಕೀಯ ತಪ್ಪೆಂದು ಒಪ್ಪಿಕೊಂಡು ನಿರ್ಣಯಕ್ಕೆ ಮತ ನೀಡಿದ. ಪೊಲಿನಾಳ ಬಂಧನವಾಯಿತು. ಶರಣಾದರೂ ಮೊಲೊಟೊವ್‌ನ ವಿದೇಶಾಂಗ ಖಾತೆ ಉಳಿಯಲಿಲ್ಲ. ಮಾರ್ಚ್‌ನಲ್ಲಿ ಅದು ವಿಶಿನ್ಸ್ಕಿಯ ಪಾಲಾಯಿತು. 1952ರಲ್ಲಿ ಸ್ಟಾಲಿನ್ ಕೇಂದ್ರ ಸಮಿತಿಯ ಎದುರೇ ಆತನನ್ನು ಹಳಿದ.

ಬಹುಶಃ ಸ್ಟಾಲಿನ್‌ನ ಸಾವೇ ಆತನನ್ನು ಉಳಿಸಿತು. 1953ರ ಮಾರ್ಚ್ 9ರಂದು, ತನ್ನ 63ನೇ ಹುಟ್ಟುಹಬ್ಬದ ದಿನವೇ, ಮೊಲೊಟೊವ್ ಸ್ಟಾಲಿನ್‌ನ ಅಂತ್ಯಕ್ರಿಯೆಯಲ್ಲಿ ಭಾಷಣ ಮಾಡಿದ. ಅದಾದ ಕೂಡಲೇ ಪೊಲಿನಾಳ ಬಿಡುಗಡೆಯಾಯಿತು. ಗಂಡ ಹೆಂಡತಿ ಇಬ್ಬರೂ ಸ್ಟಾಲಿನ್‌ನ ಭಕ್ತರಾಗಿಯೇ ಉಳಿದರು. ಎಷ್ಟು ಓದಿದರೂ ಇದು ನನ್ನನ್ನು ಕಂಗೆಡಿಸುತ್ತದೆ.

ವಿದೇಶಾಂಗ ಖಾತೆ ಮರಳಿತಾದರೂ ಪಕ್ಷದ ಹೊಸ ಮುಖ್ಯಸ್ಥ ಕ್ರುಶ್ಚೇವ್ ಜೊತೆ ಹೊಂದಾಣಿಕೆ ಸಾಧ್ಯವಿರಲಿಲ್ಲ. 1957ರ ಜೂನ್‌ನಲ್ಲಿ ಕ್ರುಶ್ಚೇವ್‌ನನ್ನು ಇಳಿಸಲು ಮೊಲೊಟೊವ್ ಮತ್ತು ಸ್ಟಾಲಿನ್ ಕಾಲದ ನಾಯಕರಾದ ಮಲೆಂಕೊವ್, ಕಗನೊವಿಚ್ ಒಂದಾದರು. ಪಾಲಿಟ್‌ಬ್ಯೂರೋದ ಹೊಸ ಹೆಸರಾದ ಅಧ್ಯಕ್ಷ ಮಂಡಳಿಯಲ್ಲಿ ಬಹುಮತವೂ ಇತ್ತು. ಆದರೆ ಸೇನೆಯ ವಿಮಾನಗಳಲ್ಲಿ ಮಾಸ್ಕೋಗೆ ಬಂದಿಳಿದ ಕೇಂದ್ರ ಸಮಿತಿಯ ಸದಸ್ಯರು ಲೆಕ್ಕವನ್ನೇ ತಿರುಗಿಸಿದರು. ಇವರಿಗೆ ‘ಪಕ್ಷವಿರೋಧಿ ಗುಂಪು’ ಎಂಬ ಹಣೆಪಟ್ಟಿ ಹಚ್ಚಿ ಖಂಡಿಸಿದ ನಿರ್ಣಯಕ್ಕೆ ಉಳಿದವರೆಲ್ಲ ಒಪ್ಪಿಗೆ ಕೊಟ್ಟರು. ತಟಸ್ಥನಾಗಿದ್ದವನು ಮೊಲೊಟೊವ್ ಒಬ್ಬನೇ. ಹೆಂಡತಿಯ ವಿಷಯದಲ್ಲಿ ಕೆಲವೇ ವಾರ ನಿಂತ ಹಟ ಈ ಸಲ ಕರಗಲಿಲ್ಲ.

ಮಂಗೋಲಿಯಾದ ರಾಯಭಾರ, ವಿಯೆನ್ನಾದ ಪರಮಾಣು ಸಂಸ್ಥೆಯಲ್ಲೊಂದು ಹುದ್ದೆ, 1962ರ ಹೊತ್ತಿಗೆ ಪಕ್ಷದಿಂದಲೇ ಉಚ್ಚಾಟನೆ. ಮತ್ತೆ ಸೇರಿಸಿಕೊಳ್ಳಿ ಎಂದು ಆತ ಬೇಡುತ್ತಲೇ ಇದ್ದ. 1984ರಲ್ಲಿ ಚೆರ್ನೆಂಕೊ ಕಾಲದಲ್ಲಿ ಸದಸ್ಯತ್ವ ಮರಳಿತು. ಆಗ ಆತನಿಗೆ 94 ವರ್ಷ. ಎರಡು ವರ್ಷಗಳ ನಂತರ ಸಾಯುವವರೆಗೂ, ಮೂವತ್ತರ ದಶಕದ ಆ ದಮನ ಅಗತ್ಯವಾಗಿತ್ತೆಂದೇ ಆತ ಸಮರ್ಥಿಸಿಕೊಂಡ.