ಟೈಟಾನಿಯಂಗೆ ಸಾರಜನಕ ನೆಡುವಾಗ ಎಡವುವುದೆಲ್ಲಿ

ಅಯಾನ್ ಇಂಪ್ಲಾಂಟೇಶನ್ ಎಂದರೆ ವಿದ್ಯುದಂಶ ಹೊತ್ತ ಪರಮಾಣುಗಳನ್ನು, ಅಂದರೆ ಅಯಾನುಗಳನ್ನು, ವೇಗವಾಗಿ ಹೊಡೆದು ಲೋಹದೊಳಗೆ ನೆಡುವುದು. ಇದು ಕೋಟಿಂಗ್ ಅಲ್ಲ. ಕೋಟಿಂಗ್ ಲೋಹದ ಮೇಲೆ ಕೂರುತ್ತದೆ, ಹಿಡಿತ ಸಡಿಲವಾದರೆ ಸಿಪ್ಪೆಯಂತೆ ಏಳುತ್ತದೆ. ಇಲ್ಲಿ ಅಯಾನುಗಳು ಲೋಹದೊಳಕ್ಕೇ ನುಗ್ಗಿ ನಿಲ್ಲುವುದರಿಂದ ಏಳುವುದಕ್ಕೆ ಪ್ರತ್ಯೇಕ ಪದರವೇ ಇರುವುದಿಲ್ಲ. ಬಿಡಿಭಾಗದ ಅಳತೆಯೂ ಕೆಡುವುದಿಲ್ಲ.

ಕೃತಕ ಕೀಲುಗಳಿಗೆ ಬಳಸುವ, ಶೇ. 6 ಅಲ್ಯೂಮಿನಿಯಂ ಮತ್ತು ಶೇ. 4 ವೆನೇಡಿಯಂ ಇರುವ ಟೈಟಾನಿಯಂ ಮಿಶ್ರಲೋಹವನ್ನೇ ನೋಡೋಣ. ಹಗುರ, ತುಕ್ಕು ಹಿಡಿಯದು, ಆದರೆ ಉಜ್ಜಾಟ ತಡೆಯದು. ಸವೆದು ಕಪ್ಪು ಪುಡಿ ಬಿಡುತ್ತದೆ. ಅದಕ್ಕೆ 50ರಿಂದ 100 ಕಿಲೋ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯಲ್ಲಿ, ಚದರ ಸೆಂಟಿಮೀಟರಿಗೆ ಸುಮಾರು 2×10¹⁷ ಸಾರಜನಕ ಅಯಾನುಗಳನ್ನು ಹೊಗಿಸುತ್ತಾರೆ. ಅವು ಇಳಿಯುವುದು ಬರೀ 0.1ರಿಂದ 0.2 ಮೈಕ್ರಾನ್. ಅಷ್ಟರಲ್ಲೇ ಗಟ್ಟಿಯಾದ ಟೈಟಾನಿಯಂ ನೈಟ್ರೈಡ್ ಕಣಗಳು ಹುಟ್ಟುತ್ತವೆ.

ತೊಂದರೆ ಶುರುವಾಗುವುದು ಆಕಾರದಲ್ಲಿ. ಅಯಾನುಗಳ ಕಿರಣ, ಅಂದರೆ ಬೀಮ್, ನೇರವಾಗಿ ಹರಿಯುತ್ತದೆ, ಮೂಲೆ ತಿರುಗಲಾರದು. ಕೃತಕ ಸೊಂಟದ ಕೀಲಿನ 28 ಮಿ.ಮೀ. ಚೆಂಡನ್ನು ಅಲುಗಾಡದಂತೆ ಇಟ್ಟರೆ ನೆತ್ತಿಗೆ ಪೂರ್ತಿ ಡೋಸ್ (ಚದರ ಸೆಂಟಿಮೀಟರಿಗೆ ಬೀಳುವ ಅಯಾನುಗಳ ಲೆಕ್ಕ) ಸಿಗುತ್ತದೆ. ಬೀಮ್ 60 ಡಿಗ್ರಿ ಓರೆಯಾಗಿ ಬೀಳುವ ಕಡೆ ಸಿಗುವುದು ಅರ್ಧ ಮಾತ್ರ. ಸಾಲದ್ದಕ್ಕೆ ಓರೆ ಏಟಿಗೆ ಮೇಲ್ಮೈ ಪರಮಾಣುಗಳು ಹೆಚ್ಚು ಕಿತ್ತುಹೋಗುತ್ತವೆ, ನೆಟ್ಟ ಸಾರಜನಕವೂ ಅವುಗಳ ಜೊತೆ ಹೋಗುತ್ತದೆ. ಹಾಗಾಗಿ ಚೆಂಡನ್ನು ವಾಲಿಸಿ ತಿರುಗಿಸುತ್ತಲೇ ಇರಬೇಕು. ಚದರ ಸೆಂಟಿಮೀಟರಿಗೆ 10 ಮೈಕ್ರೋಆಂಪಿಯರ್ ಬೀಮ್ ಇದ್ದು, ಅದರಲ್ಲಿರುವುದು ಒಂದೇ ಪರಮಾಣುವಿನ, ಒಂದೇ ವಿದ್ಯುದಂಶದ ಸಾರಜನಕ ಅಯಾನು ಎಂದುಕೊಂಡರೆ, ಚಪ್ಪಟೆ ತುಂಡಿಗೆ ಸುಮಾರು 53 ನಿಮಿಷ ಸಾಕು. ಎಲ್ಲ ಕಡೆ ತಿರುಗುವ ಗೋಳಕ್ಕೆ ಅದರ ನಾಲ್ಕು ಪಟ್ಟು ಬೇಕು, ಏಕೆಂದರೆ ಗೋಳದ ಮೇಲ್ಮೈ ಅದರ ನೆರಳಿನ ವಿಸ್ತೀರ್ಣದ ನಾಲ್ಕರಷ್ಟು. ಈ ಮೂರೂವರೆ ಗಂಟೆಯನ್ನು ಉಳಿಸಲು ಹೋದರೆ ಕೆಲಸವೇ ಕೆಟ್ಟಂತೆ.

ಬೀಮ್ ಕರೆಂಟ್ ಹೆಚ್ಚಿಸಿ ಬೇಗ ಮುಗಿಸೋಣವೆಂದರೆ ಶಾಖ ಅಡ್ಡ ಬರುತ್ತದೆ. 100 ಕಿಲೋವೋಲ್ಟಿನಲ್ಲಿ 10 ಮೈಕ್ರೋಆಂಪಿಯರ್ ಎಂದರೇ ಚದರ ಸೆಂಟಿಮೀಟರಿಗೆ 1 ವ್ಯಾಟ್. ಕೆಲಸ ನಡೆಯುವ ವ್ಯಾಕ್ಯೂಮಿನಲ್ಲಿ ತಣಿಸಲು ಗಾಳಿಯಿಲ್ಲ. ತಾಮ್ರದ ಹೋಲ್ಡರಿಗೆ ಭಾಗ ಗಟ್ಟಿಯಾಗಿ ಅಂಟಿ ಕೂತಿರಲೇಬೇಕು.

ಬೀಮನ್ನು ಹಿಡಿದು ಅದರ ಕರೆಂಟಿನಿಂದ ಡೋಸ್ ಎಣಿಸುವ ಲೋಹದ ಬಟ್ಟಲಾದ ಫ್ಯಾರಡೇ ಕಪ್ಪಿನಲ್ಲೂ ಒಂದು ಮೋಸವಿದೆ. ಏಟು ಬಿದ್ದಾಗ ಕಪ್ಪಿನಿಂದ ಎಲೆಕ್ಟ್ರಾನುಗಳು ಚಿಮ್ಮುತ್ತವೆ. ಒಂದು ಎಲೆಕ್ಟ್ರಾನ್ ಹೊರಬಿದ್ದರೆ ಮೀಟರ್ ಅದನ್ನು ಒಳಬಂದ ಅಯಾನಿನಂತೆಯೇ ಎಣಿಸುತ್ತದೆ. ಎಲೆಕ್ಟ್ರಾನುಗಳನ್ನು ಹಿಂದಕ್ಕೆ ತಳ್ಳಲು ಕಪ್ಪಿನ ಬಾಯಲ್ಲಿ ಋಣ ವೋಲ್ಟೇಜಿನ ತಡೆ ಇಲ್ಲದಿದ್ದರೆ ಮೀಟರ್ ಪೂರ್ತಿ ತೋರಿಸುತ್ತದೆ, ಲೋಹಕ್ಕೆ ಸೇರಿರುವುದು ಕಡಿಮೆ.

ಭಾಗ ಕಂದಾಗಿ ಹೊರಬಂದರೆ ಮೊದಲು ಎಣ್ಣೆಯ ಮೇಲೆ ಅನುಮಾನ ಪಡಿ. ಬೆರಳಿನ ಜಿಡ್ಡು, ಪಾಲಿಶ್ ಪೇಸ್ಟ್, ಎಣ್ಣೆ ಬಳಸಿ ವ್ಯಾಕ್ಯೂಮ್ ಮಾಡುವ ಡಿಫ್ಯೂಶನ್ ಪಂಪಿನ ಆವಿ ಇವೆಲ್ಲ ಬೀಮ್ ತಾಗಿ ಒಡೆದು ಇಂಗಾಲದ ಪೊರೆಯಾಗುತ್ತವೆ.

ಪರೀಕ್ಷೆಯಲ್ಲಿ ಎಡವುವವರೂ ಬಹಳ. ಗಡಸುತನ ಅಳೆಯಲು ಒತ್ತುವ ವಿಕರ್ಸ್ ಸೂಜಿ 100 ಗ್ರಾಂ ಭಾರದಲ್ಲಿ ಈ ಲೋಹದೊಳಗೆ 3 ಮೈಕ್ರಾನಿಗೂ ಹೆಚ್ಚು ಇಳಿಯುತ್ತದೆ, ಅಳೆಯುವುದು ಕೆಳಗಿನ ಹಳೇ ಲೋಹವನ್ನೇ. ತೀರಾ ಕಡಿಮೆ ಭಾರದಲ್ಲಿ ಮೇಲ್ಪದರವನ್ನಷ್ಟೇ ಒತ್ತಿ ಅಳೆಯುವ ನ್ಯಾನೋಇಂಡೆಂಟೇಶನ್ ಮಾಡಿಸಿ, ಜೊತೆಗೆ ಸವೆತದ ಪರೀಕ್ಷೆ ಕೇಳಿ.

ಇಷ್ಟಾದರೂ ಸೊಂಟದ ಚೆಂಡಿಗೆ ಈ ಉಪಾಯವನ್ನೇ ನಂಬಿಕೊಳ್ಳುವುದು ಸರಿಯಲ್ಲ. ಮೂಳೆ ಸಿಮೆಂಟಿನ ಗಟ್ಟಿ ಕಣವೊಂದು ಕೀಲಿಗೆ ಸಿಕ್ಕಿಕೊಂಡರೆ 0.1 ಮೈಕ್ರಾನನ್ನು ಸೀಳಿ ಮೆತ್ತನೆಯ ಟೈಟಾನಿಯಂ ತಲುಪುತ್ತದೆ. ಉಜ್ಜಾಡುವ ಚೆಂಡಿಗೆ ಕೋಬಾಲ್ಟ್-ಕ್ರೋಮಿಯಂ ಅಥವಾ ಸೆರಾಮಿಕ್ ಬಳಸುವುದು ರೂಢಿಯಾದದ್ದು ಸುಮ್ಮನೆ ಅಲ್ಲ.