ಎಮ್ಮೆ ಸಾಲದಿಂದ ರೊಟ್ಟಿ ಯಂತ್ರದವರೆಗೆ: ಹಳ್ಳಿಗೆ ಬಂದ ಸರ್ಕಾರಿ ಹಣ ನಡೆದು ಬಂದ ದಾರಿ

ಒಂದು ಹಳ್ಳಿಯ ಹತ್ತು ಹೆಂಗಸರು ಸೇರಿ ರೊಟ್ಟಿ ಮಾಡಿ ಮಾರಬೇಕು ಅಂತ ಹೊರಟರು ಅಂದುಕೊಳ್ಳಿ. ಕೈಯಲ್ಲಿರುವ ಹಣ ಸಾಲದು. ಸರ್ಕಾರದ ನೆರವು ಸಿಗುತ್ತಂತೆ ಅಂತ ವಿಚಾರಿಸಲು ಹೋದರೆ ಎದುರಿಗೆ ಆರು ಬಾಗಿಲು. ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಪಿಎಂಇಜಿಪಿ ಅನ್ನುತ್ತಾರೆ. ಕೃಷಿ ಇಲಾಖೆಯಲ್ಲಿ ಪಿಎಂಎಫ್‌ಎಂಇ. ಬ್ಯಾಂಕಿನಲ್ಲಿ ಮುದ್ರಾ. ತಾಲ್ಲೂಕು ಪಂಚಾಯಿತಿಯಲ್ಲಿ ಸಂಜೀವಿನಿ. ಅಂಗನವಾಡಿಯಲ್ಲಿ ಸ್ತ್ರೀಶಕ್ತಿ. ಮಹಿಳಾ ಅಭಿವೃದ್ಧಿ ನಿಗಮದಲ್ಲಿ ಉದ್ಯೋಗಿನಿ. ಎಲ್ಲವೂ ಸರ್ಕಾರಿ ಯೋಜನೆಗಳ ಹೆಸರು. ಒಂದೊಂದಕ್ಕೂ ಬೇರೆ ಅರ್ಜಿ, ಬೇರೆ ಸಬ್ಸಿಡಿ, ಬೇರೆ ಷರತ್ತು.

ಇಷ್ಟೊಂದು ಬಾಗಿಲು ಒಂದೇ ದಿನ ತೆರೆದದ್ದಲ್ಲ. ಒಂದು ಯೋಜನೆಯಲ್ಲಿ ತಪ್ಪು ಕಂಡಾಗ ಅದನ್ನು ತಿದ್ದಲು ಇನ್ನೊಂದು ಬಂತು. ಕೆಲವು ಸಲ ಹಳೆಯದನ್ನು ಹೊಸದರೊಳಗೆ ಸೇರಿಸಿದರು, ಕೆಲವು ಸಲ ಎರಡನ್ನೂ ಉಳಿಸಿಕೊಂಡರು. ಹಾಗಾಗಿ ಈ ಕಥೆಯನ್ನು ಹಿಂದಿನಿಂದಲೇ ಹೇಳಬೇಕು.

ಬ್ರಿಟಿಷರ ಕಾಲದಲ್ಲಿ ಇದ್ದದ್ದು ತಕಾವಿ ಸಾಲ. 1883 ಮತ್ತು 1884ರ ಎರಡು ಕಾಯ್ದೆಗಳ ಪ್ರಕಾರ ಬಾವಿ ತೋಡಲು, ಎತ್ತು ಕೊಳ್ಳಲು, ಬೀಜಕ್ಕೆ ಸರ್ಕಾರವೇ ನೇರವಾಗಿ ಸಾಲ ಕೊಡುತ್ತಿತ್ತು. 1904ರಲ್ಲಿ ಸಹಕಾರ ಸಂಘಗಳ ಕಾನೂನು ಬಂತು. ಮರುವರ್ಷವೇ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಊರಿನವರ ಹಣ ಊರಿನವರಿಗೇ ಸಾಲವಾಗಿ ಸಿಗಲಿ ಅನ್ನುವುದು ಅದರ ತಿರುಳು. ಆದರೆ ಸಂಘಗಳ ಸಂಖ್ಯೆ ಬೆಳೆದಷ್ಟು ಅವುಗಳ ಸಾಲ ಬೆಳೆಯಲಿಲ್ಲ. 1951-52ರಲ್ಲಿ ದೇಶದಾದ್ಯಂತ ಗ್ರಾಮೀಣ ಸಾಲದ ಸಮೀಕ್ಷೆ ಆಯಿತು. ಹಳ್ಳಿಯವರು ಪಡೆದ ಪ್ರತಿ 100 ರೂಪಾಯಿ ಸಾಲದಲ್ಲಿ ಸರ್ಕಾರ ಮತ್ತು ಸಹಕಾರ ಸಂಘ ಎರಡೂ ಸೇರಿ ಕೊಟ್ಟಿದ್ದು ಬರೀ 6 ರೂಪಾಯಿ ಚಿಲ್ಲರೆ. ಹೆಚ್ಚಿನದು ಲೇವಾದೇವಿಯವರದ್ದು.

1969ರಲ್ಲಿ 14 ಬ್ಯಾಂಕುಗಳು ರಾಷ್ಟ್ರೀಕರಣವಾದವು. ನಮ್ಮ ಕರಾವಳಿಯ ಕೆನರಾ, ಸಿಂಡಿಕೇಟ್ ಎರಡೂ ಅದರಲ್ಲಿದ್ದವು. 1975ರಲ್ಲಿ ಗ್ರಾಮೀಣ ಬ್ಯಾಂಕುಗಳು ಶುರುವಾದವು. ಬ್ಯಾಂಕುಗಳು ತಮ್ಮ ಸಾಲದ ಶೇ 40ರಷ್ಟನ್ನು ಕೃಷಿ, ಸಣ್ಣ ಉದ್ದಿಮೆ ಮುಂತಾದ ಆದ್ಯತಾ ವಲಯಕ್ಕೆ ಕೊಡಬೇಕು ಅನ್ನುವ ಗುರಿ 1980ರಲ್ಲಿ ಬಂತು. ಬ್ಯಾಂಕಿನ ಬೋರ್ಡು ಹೋಬಳಿಗೂ ಬಂತು. ಅದರ ಬೆನ್ನಿಗೇ ಎಮ್ಮೆ ಬಂತು.

ಐಆರ್‌ಡಿಪಿ ಅಂದರೆ ಸಮಗ್ರ ಗ್ರಾಮೀಣಾಭಿವೃದ್ಧಿ ಕಾರ್ಯಕ್ರಮ. ಹೆಸರು ಯಾರ ನೆನಪಿನಲ್ಲೂ ಉಳಿದಿಲ್ಲ. ಐವತ್ತು ದಾಟಿದ ಹಳ್ಳಿಯವರನ್ನು ಕೇಳಿ, ‘ಎಮ್ಮೆ ಸಾಲ’ ಅಂದರೆ ತಕ್ಷಣ ಗೊತ್ತಾಗುತ್ತದೆ. 1978ರಲ್ಲಿ ಕೆಲವು ಬ್ಲಾಕುಗಳಲ್ಲಿ ಶುರುವಾಗಿ, 1980ರ ಅಕ್ಟೋಬರ್ 2ರಿಂದ ದೇಶದ ಎಲ್ಲ ಬ್ಲಾಕುಗಳಿಗೂ ಬಂತು. ಲೆಕ್ಕ ಸರಳ. ಬಡ ಕುಟುಂಬಕ್ಕೆ ದುಡಿಮೆಗೆ ಒಂದು ಆಸ್ತಿ ಕೊಡಿಸಬೇಕು. ಎಮ್ಮೆ, ಕುರಿ, ಎತ್ತಿನ ಗಾಡಿ, ಹೊಲಿಗೆ ಯಂತ್ರ, ಪೆಟ್ಟಿಗೆ ಅಂಗಡಿ, ಏನಾದರೂ ಸರಿ. ಬೆಲೆಯಲ್ಲಿ ಒಂದು ಪಾಲು ಸರ್ಕಾರದ ಸಬ್ಸಿಡಿ, ಉಳಿದದ್ದು ಬ್ಯಾಂಕಿನ ಸಾಲ. ಸಣ್ಣ ರೈತರಿಗೆ ಶೇ 25, ಅತಿಸಣ್ಣ ರೈತರಿಗೆ, ಕೂಲಿಕಾರರಿಗೆ, ಕುಶಲಕರ್ಮಿಗಳಿಗೆ ಮೂರರಲ್ಲಿ ಒಂದು ಪಾಲು, ಪರಿಶಿಷ್ಟ ಜಾತಿ-ಪಂಗಡದವರಿಗೆ ಅರ್ಧ.

ಈ ಲೆಕ್ಕದಲ್ಲಿ ಒಂದು ವಿಷಯ ಬಿಟ್ಟುಹೋಗಿತ್ತು. ಎಮ್ಮೆ ವರ್ಷಪೂರ್ತಿ ಹಾಲು ಕೊಡುವುದಿಲ್ಲ. ಬತ್ತಿದ ಮೇಲೆ ಮತ್ತೆ ಕರು ಹಾಕುವವರೆಗೆ ತಿಂಗಳುಗಟ್ಟಲೆ ಅದನ್ನು ಸಾಕಬೇಕು. ಹುಲ್ಲು, ಹಿಂಡಿ, ಬೂಸಾ ಬೇಕು. ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ಅದಕ್ಕೇ ಒಂದು ಎಮ್ಮೆ ಕೊಟ್ಟ ಆರು ತಿಂಗಳಿಗೆ ಎರಡನೆಯದನ್ನು ಕೊಡಬೇಕು ಅಂತ ನಿಯಮ ಮಾಡಿದ್ದರು. ಒಂದು ಬತ್ತಿದಾಗ ಇನ್ನೊಂದು ಕರೆಯುತ್ತಿರಲಿ ಅಂತ. ಎಷ್ಟೋ ಮನೆಗಳಿಗೆ ಆ ಎರಡನೆಯ ಎಮ್ಮೆ ಬರಲೇ ಇಲ್ಲ. ಅಷ್ಟು ಹೊತ್ತಿಗೆ ಮೊದಲ ಕಂತುಗಳು ಬಾಕಿಯಾಗಿರುತ್ತಿದ್ದವು. ಸುಸ್ತಿದಾರರಿಗೆ ಬ್ಯಾಂಕು ಮತ್ತೆ ಸಾಲ ಕೊಡುವುದಿಲ್ಲ, ಅಲ್ವಾ?

ಇನ್ನೊಂದು ತೊಡಕು ಗುರಿಯದ್ದು. ಪ್ರತಿ ಬ್ಲಾಕಿನಲ್ಲಿ ವರ್ಷಕ್ಕೆ ಇಷ್ಟು ಕುಟುಂಬ ಅಂತ ಲೆಕ್ಕ ಕೊಡಬೇಕಿತ್ತು. ಮಾರ್ಚ್ ಹತ್ತಿರ ಬಂದಂತೆ ಒಂದೇ ವಾರದಲ್ಲಿ ನೂರಾರು ಜನ ಎಮ್ಮೆ ಕೊಳ್ಳಲು ನಿಂತರೆ ಬೆಲೆ ಏರದೆ ಇರುತ್ತದಾ? ಹೊಸ ಎಮ್ಮೆ ಹುಟ್ಟುವುದಿಲ್ಲ, ಇದ್ದದ್ದೇ ಕೈ ಬದಲಾಗುತ್ತದೆ. ಪಕ್ಕದ ಊರಿನ ಎಮ್ಮೆ ಈ ಊರಿಗೆ, ಈ ಊರಿನದು ಇನ್ನೊಂದಕ್ಕೆ. ಕಿವಿಗೆ ವಿಮೆಯ ಬಿಲ್ಲೆ ಹಾಕುವಾಗ ಹಾಲು ಕರೆಯುತ್ತಿದ್ದ ಎಮ್ಮೆ, ಮನೆಗೆ ಬಂದ ಮೇಲೆ ಬತ್ತಿದ್ದೂ ಉಂಟು. 1980ರ ದಶಕದಲ್ಲಿ ಸಾಲ ಮೇಳಗಳೂ ನಡೆದವು. ಬ್ಯಾಂಕಿನ ಮೆಟ್ಟಿಲು ಹತ್ತಲು ಹೆದರುತ್ತಿದ್ದವರು ಮೊದಲ ಸಲ ಮ್ಯಾನೇಜರ್ ಎದುರು ಕುಳಿತರು. ಅದು ಸಣ್ಣ ಮಾತಲ್ಲ. ಆದರೆ ಶಾಮಿಯಾನ ಬಿಚ್ಚಿದ ಮೇಲೆ ಸಾಲ ಪಡೆದವರ ಮನೆಗೆ ಹೋಗಿ ನೋಡಲು ಜನ ಇರಲಿಲ್ಲ. ಒಬ್ಬ ಫೀಲ್ಡ್ ಆಫೀಸರ್ ಎಷ್ಟು ಊರು ಸುತ್ತಬಲ್ಲರು?

1990ರಲ್ಲಿ 10,000 ರೂಪಾಯಿವರೆಗಿನ ಗ್ರಾಮೀಣ ಸಾಲದ ಬಾಕಿ ಮನ್ನಾ ಆಯಿತು. ಎಷ್ಟೋ ಮನೆಯವರು ಉಸಿರಾಡಿದರು. ಕಷ್ಟಪಟ್ಟು ಕಂತು ಕಟ್ಟಿದವರಿಗೆ ‘ನಾವು ಸುಮ್ನೆ ಕಟ್ಟಿದ್ವಾ?’ ಅನ್ನಿಸಿತು. ಬ್ಯಾಂಕುಗಳು ಸಣ್ಣ ಸಾಲದಿಂದ ಕೈ ಹಿಂದೆ ಎಳೆದುಕೊಂಡವು.

ಆದರೆ ಎಮ್ಮೆ ಸಾಲ ಎಲ್ಲ ಕಡೆ ಸೋತಿತು ಅಂದರೆ ತಪ್ಪಾಗುತ್ತದೆ. ನಮ್ಮ ರಾಜ್ಯದಲ್ಲಿ 1970ರ ದಶಕದ ಮಧ್ಯದಿಂದ ವಿಶ್ವಬ್ಯಾಂಕಿನ ಸಾಲದ ನೆರವಿನಲ್ಲಿ ಹಾಲು ಉತ್ಪಾದಕರ ಸಹಕಾರ ಸಂಘಗಳು ಹಬ್ಬುತ್ತಿದ್ದವು. ಅವೇ ಮುಂದೆ ಕೆಎಂಎಫ್ ಆದವು. ಡೇರಿ ಇದ್ದ ಊರಿನಲ್ಲಿ ಬೆಳಿಗ್ಗೆ ಸಂಜೆ ಹಾಲು ಅಳೆದುಕೊಳ್ಳುತ್ತಿದ್ದರು. ಹಾಲಿನ ಬಟವಾಡೆ ಕೈಗೆ ಬರುತ್ತಿತ್ತು. ಹಿಂಡಿ ಅಲ್ಲೇ ಸಿಗುತ್ತಿತ್ತು, ರಾಸಿಗೆ ಕಾಯಿಲೆಯಾದರೆ ಡಾಕ್ಟರ್ ಬರುತ್ತಿದ್ದರು. ಡೇರಿ ಇಲ್ಲದ ಊರಿನಲ್ಲಿ ಹಾಲನ್ನು ಅಕ್ಕಪಕ್ಕದ ಮನೆಗೆ, ಹೋಟೆಲಿಗೆ ಮಾರಬೇಕಿತ್ತು. ಸಾಲ ಒಂದೇ, ಸಬ್ಸಿಡಿ ಒಂದೇ. ಎರಡೂ ಊರುಗಳ ನಡುವೆ ಇದ್ದ ವ್ಯತ್ಯಾಸ ಎಮ್ಮೆಯ ಆಚೆಗಿನ ಏರ್ಪಾಡಿನದ್ದು. ಈ ಇಡೀ ಇತಿಹಾಸದಲ್ಲಿ ನನಗೆ ಅತಿ ಮುಖ್ಯ ಅನ್ನಿಸುವುದು ಇದೇ. ವಸ್ತು ಕೊಳ್ಳಲು ಹಣ ಸಿಕ್ಕಷ್ಟು ಸುಲಭವಾಗಿ, ಆ ವಸ್ತುವಿನಿಂದ ಬದುಕು ನಡೆಸಲು ಬೇಕಾದದ್ದಕ್ಕೆ ಹಣ ಸಿಗಲಿಲ್ಲ. 2008ರಲ್ಲಿ ರಾಜ್ಯ ಸರ್ಕಾರ ಹಾಲಿಗೆ ಲೀಟರಿಗೆ 2 ರೂಪಾಯಿ ಪ್ರೋತ್ಸಾಹಧನ ಶುರು ಮಾಡಿತು, ಮುಂದೆ ಅದು 5 ರೂಪಾಯಿ ಆಯಿತು. ಎಮ್ಮೆ ಕೊಳ್ಳಲಿಕ್ಕಲ್ಲ, ಹಾಲು ಹಾಕಿದ್ದಕ್ಕೆ ಕೊಡುವ ಹಣ ಇದು.

1982ರಲ್ಲಿ ಉಜಿರೆಯಲ್ಲಿ ಇನ್ನೊಂದು ಕೆಲಸ ಶುರುವಾಯಿತು. ಧರ್ಮಸ್ಥಳದ ಸಂಸ್ಥೆ, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಮೂರೂ ಸೇರಿ ರುಡ್‌ಸೆಟ್ ಕಟ್ಟಿದವು. ನಿರುದ್ಯೋಗಿ ಯುವಕ ಯುವತಿಯರಿಗೆ ಊಟ, ವಸತಿ ಕೊಟ್ಟು ಕಡಿಮೆ ಅವಧಿಯ ತರಬೇತಿ. ಕೆಲಸ ಕಲಿಸುವುದರ ಜೊತೆಗೆ ಲೆಕ್ಕ ಬರೆಯುವುದು, ಬೆಲೆ ಕಟ್ಟುವುದು, ಬ್ಯಾಂಕಿನವರ ಜೊತೆ ಮಾತಾಡುವುದು ಎಲ್ಲವೂ ಇತ್ತು. ತರಬೇತಿ ಮುಗಿದ ಮೇಲೂ ಅವರ ಬೆನ್ನು ಬಿಡುತ್ತಿರಲಿಲ್ಲ. ಸಾಲ ಸಿಕ್ಕಿತಾ, ಅಂಗಡಿ ಇಟ್ಟರಾ, ನಡೆಯುತ್ತಿದೆಯಾ ಅಂತ ವಿಚಾರಿಸುತ್ತಿದ್ದರು. 2009ರಲ್ಲಿ ಕೇಂದ್ರ ಸರ್ಕಾರ ಇದೇ ಮಾದರಿಯಲ್ಲಿ ಜಿಲ್ಲೆಗೊಂದು ಆರ್‌ಸೆಟಿ ತರಬೇತಿ ಕೇಂದ್ರ ತೆರೆಯಲು ಹೊರಟಿತು. ಮಾದರಿ ಕಣ್ಣೆದುರಿಗೇ ಇದ್ದರೂ ಅಷ್ಟರಲ್ಲಿ 27 ವರ್ಷ ಕಳೆದಿತ್ತು.

ಸ್ವಸಹಾಯ ಸಂಘಗಳ ಕಥೆಯೂ ಕರ್ನಾಟಕಕ್ಕೆ ಹತ್ತಿರದ್ದೇ. 1980ರ ದಶಕದ ಮಧ್ಯದಲ್ಲಿ ಮೈರಾಡ ಅನ್ನುವ ಸ್ವಯಂಸೇವಾ ಸಂಸ್ಥೆ ಕೆಲಸ ಮಾಡುತ್ತಿದ್ದ ಕಡೆ ದೊಡ್ಡ ಸಹಕಾರ ಸಂಘಗಳು ಒಡೆದವು. ಒಬ್ಬರ ಮೇಲೊಬ್ಬರಿಗೆ ನಂಬಿಕೆ ಇದ್ದವರು ಸಣ್ಣ ಗುಂಪುಗಳಾಗಿ ಕೂತು ಉಳಿತಾಯ ಮಾಡತೊಡಗಿದರು. 1987ರಲ್ಲಿ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್ ಈ ಪ್ರಯೋಗಕ್ಕೆ 10 ಲಕ್ಷ ರೂಪಾಯಿ ಕೊಟ್ಟಿತು. 1992ರಲ್ಲಿ ದೇಶದಾದ್ಯಂತ 500 ಗುಂಪುಗಳಿಗೆ ಬ್ಯಾಂಕ್ ಸಾಲ ಕೊಡಿಸುವ ಪ್ರಯೋಗ ಶುರುವಾಯಿತು. ಜಾಮೀನು ಇಲ್ಲ, ಆಸ್ತಿ ಪತ್ರ ಇಲ್ಲ. ವಾರ ವಾರ ಕೂಡಿಸಿದ ಹಣ ಮತ್ತು ಬರೆದಿಟ್ಟ ಪುಸ್ತಕವೇ ಆಧಾರ. 2000-01ರಲ್ಲಿ ರಾಜ್ಯ ಸರ್ಕಾರದ ಸ್ತ್ರೀಶಕ್ತಿ ಸಂಘಗಳು ಅಂಗನವಾಡಿ ಕಾರ್ಯಕರ್ತೆಯರ ಮೂಲಕ ಊರೂರಿಗೆ ಬಂದವು.

ಈ ನಡುವೆ 1999ರಲ್ಲಿ ಐಆರ್‌ಡಿಪಿ, ಯುವಜನರ ತರಬೇತಿಯ ಟ್ರೈಸೆಂ, ಹೆಂಗಸರ ಗುಂಪುಗಳ ಡ್ವಾಕ್ರಾ ಎಲ್ಲವನ್ನೂ ಸೇರಿಸಿ ಸ್ವರ್ಣಜಯಂತಿ ಗ್ರಾಮ ಸ್ವರೋಜಗಾರ್ ಯೋಜನೆ ಮಾಡಿದರು. ಸಬ್ಸಿಡಿ ಈಗ ಸಂಘಕ್ಕೂ ಬಂತು. ಒಂದು ಸಂಘಕ್ಕೆ 1.25 ಲಕ್ಷ ರೂಪಾಯಿವರೆಗೆ. ಉಳಿತಾಯಕ್ಕೆಂದು ಹುಟ್ಟಿದ ಸಂಘಗಳ ಪಕ್ಕದಲ್ಲೇ ಸಬ್ಸಿಡಿಗೆಂದೇ ಹುಟ್ಟಿದ ಸಂಘಗಳೂ ಬಂದವು. ಹಣ ಹಂಚಿಕೊಂಡ ಮೇಲೆ ಅಂಥವುಗಳ ಸಭೆಯೂ ನಿಂತಿತು. 2011ರಲ್ಲಿ ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಅಭಿಯಾನ ಬಂದಾಗ ಆಸ್ತಿ ಕೊಳ್ಳುವ ಸಬ್ಸಿಡಿಯನ್ನೇ ಕೈಬಿಟ್ಟರು. ಅದರ ಬದಲು ಬಡ್ಡಿಯಲ್ಲಿ ರಿಯಾಯಿತಿ, ಸಂಘದೊಳಗೇ ಸಾಲವಾಗಿ ತಿರುಗುವ ಸುತ್ತುನಿಧಿ, ಸಂಘಗಳೆಲ್ಲ ಸೇರಿದ ಪಂಚಾಯಿತಿ ಮಟ್ಟದ ಒಕ್ಕೂಟಕ್ಕೆ ಸಮುದಾಯ ಬಂಡವಾಳ ನಿಧಿ. ನಮ್ಮಲ್ಲಿ ಇದರ ಹೆಸರು ಸಂಜೀವಿನಿ. ಒಕ್ಕೂಟದಲ್ಲಿ ಪುಸ್ತಕ ಬರೆಯುವ ಎಂಬಿಕೆ, ಸಂಘಗಳನ್ನು ಸುತ್ತುವ ಎಲ್‌ಸಿಆರ್‌ಪಿ, ಎಲ್ಲರೂ ಊರಿನ ಹೆಂಗಸರೇ.

ಊರಿಗೆ ಬೇಕಾದ ಕಟ್ಟಡ, ರಸ್ತೆಗಳ ಹಣ ಇದಕ್ಕೆ ಸಮಾನಾಂತರವಾಗಿ ಬೇರೆ ಕಾಲುವೆಯಲ್ಲಿ ಹರಿಯಿತು. ಶೇ 40ರ ಗುರಿ ಹೇಳಿದೆನಲ್ಲ, ಎಷ್ಟೋ ಬ್ಯಾಂಕುಗಳು ಆ ಗುರಿಯೊಳಗಿನ ಕೃಷಿ ಸಾಲದ ಪಾಲನ್ನು ಮುಟ್ಟಲಿಲ್ಲ. ಕೊರತೆ ಬಿದ್ದ ಹಣವನ್ನು ನಬಾರ್ಡ್‌ನಲ್ಲಿ ಇಡಿ ಅಂತ 1995-96ರಲ್ಲಿ ಒಂದು ನಿಧಿ ಮಾಡಿದರು. ಮೊದಲ ವರ್ಷ 2,000 ಕೋಟಿ ರೂಪಾಯಿ. ಅದೇ ಆರ್‌ಐಡಿಎಫ್. ರಾಜ್ಯಗಳು ಅದರಿಂದ ಕಡಿಮೆ ಬಡ್ಡಿಗೆ ಸಾಲ ಪಡೆದು ಹಳ್ಳಿ ರಸ್ತೆ, ಸೇತುವೆ, ಕೆರೆ, ಶಾಲಾ ಕೊಠಡಿ, ಪಶು ಆಸ್ಪತ್ರೆ ಕಟ್ಟಿದವು. ರೈತರ ಕೈಗೆ ಸೇರಬೇಕಿದ್ದ ಸಾಲ ಊರಿನ ಸೇತುವೆಯಾಯಿತು. ಸೇತುವೆ ಬೇಡ ಅಂತ ಯಾರೂ ಹೇಳುವುದಿಲ್ಲ. ಆದರೆ ಅದು ಸಾಲಕ್ಕೆ ಬದಲಾಗಿ ಬಂದದ್ದು ಅನ್ನುವುದು ಮರೆಯಬಾರದು. ಇದರ ಜೊತೆಗೆ ಸಂಸದರ ನಿಧಿ 1993ರಿಂದ, ಆಮೇಲೆ ಶಾಸಕರ ನಿಧಿ, ಹಣಕಾಸು ಆಯೋಗದ ಅನುದಾನ. ಸಮುದಾಯ ಭವನಗಳು ಹೆಚ್ಚಾಗಿ ಈ ದಾರಿಯಲ್ಲಿ ಬಂದವು.

ನಮ್ಮೂರಿನಲ್ಲೂ ಸಂಘದವರ ಉತ್ಪನ್ನ ಮಾರಲಿ ಅಂತ ಒಂದು ಮಳಿಗೆ ಕಟ್ಟಿದ್ದರು. ಉದ್ಘಾಟನೆ ಚೆನ್ನಾಗಿಯೇ ಆಯಿತು. ಕರೆಂಟ್ ಬಿಲ್ ಯಾರು ಕಟ್ಟಬೇಕು ಅನ್ನುವುದು ತೀರ್ಮಾನವಾಗಲಿಲ್ಲ. ಆಮೇಲೆ ಅದರಲ್ಲಿ ಗೊಬ್ಬರದ ಚೀಲ ಇಟ್ಟರು. ಆ ದಾರಿಯಲ್ಲಿ ಹೋದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಕಟ್ಟುವ ಹಣಕ್ಕೆ ಲೆಕ್ಕ ಶೀರ್ಷಿಕೆ ಇದೆ, ಬೀಗ ತೆಗೆದು ಕೂರುವವರ ಸಂಬಳಕ್ಕೆ ಇಲ್ಲ. ಜನ ಇಟ್ಟ ಕಡೆ ಕಟ್ಟಡ ಹೇಗೆ ಬದುಕುತ್ತದೆ ಅನ್ನುವುದಕ್ಕೆ ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ನೋಡಿ. 2019ರಲ್ಲಿ ಅವು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು, ಅರಿವು ಕೇಂದ್ರಗಳಾದವು. ಮೇಲ್ವಿಚಾರಕರು ಇದ್ದಾರೆ, ಹೊತ್ತಿಗೆ ಸರಿಯಾಗಿ ಬಾಗಿಲು ತೆಗೆಯುತ್ತಾರೆ, ಮಕ್ಕಳು ಬಂದು ಕೂರುತ್ತಾರೆ.

ಈಗ ಮತ್ತೆ ರೊಟ್ಟಿ ಮಾಡುವ ಹೆಂಗಸರ ಹತ್ತಿರ ಬರೋಣ. ಸ್ವಂತ ಉದ್ದಿಮೆ ಹೂಡುವವರಿಗೆ ಇರುವ ಪಿಎಂಇಜಿಪಿ 2008ರಲ್ಲಿ ಎರಡು ಹಳೆಯ ಯೋಜನೆ ಸೇರಿ ಆದದ್ದು. ಹಳ್ಳಿಯ ಮಹಿಳೆಗೆ ಯೋಜನಾ ವೆಚ್ಚದ ಶೇ 35ರಷ್ಟು ಸಬ್ಸಿಡಿ, ಸ್ವಂತ ಹಣ ಶೇ 5. ಆದರೆ ಸಬ್ಸಿಡಿ ಮೊದಲೇ ಕೈಗೆ ಬರುವುದಿಲ್ಲ. ಅದು ಬ್ಯಾಂಕಿನಲ್ಲಿ ಮೂರು ವರ್ಷ ಠೇವಣಿಯಾಗಿ ಇರುತ್ತದೆ. ಘಟಕ ನಡೆಯುತ್ತಿದೆ ಅಂತ ಪರಿಶೀಲಿಸಿದ ಮೇಲೆ ಸಾಲಕ್ಕೆ ಜಮೆ. ತುಂಬ ಜನ ಇದನ್ನು ತಿಳಿಯದೆ ‘ಸಬ್ಸಿಡಿ ಬರಲೇ ಇಲ್ಲ’ ಅಂತ ಕಂಗಾಲಾಗುತ್ತಾರೆ. ಎಮ್ಮೆ ಸಾಲದ ಕಾಲದ ಪಾಠವೇ ಈ ಮೂರು ವರ್ಷದ ಬೀಗ ಅಂತ ನನಗೆ ಅನ್ನಿಸುತ್ತದೆ. 2015ರಿಂದ ಇರುವ ಮುದ್ರಾದಲ್ಲಿ ಸಬ್ಸಿಡಿ ಇಲ್ಲವೇ ಇಲ್ಲ, ಜಾಮೀನು ಕೇಳದ ಸಾಲ ಅಷ್ಟೆ. ಉದ್ಯೋಗಿನಿಯಲ್ಲಿ ಸಾಲ 3 ಲಕ್ಷದವರೆಗೆ, ಪರಿಶಿಷ್ಟರಿಗೆ ಅದರಲ್ಲಿ ಅರ್ಧ ಸಬ್ಸಿಡಿ.

2020ರಲ್ಲಿ ಬಂದ ಪಿಎಂಎಫ್‌ಎಂಇ ಆಹಾರ ಸಂಸ್ಕರಣೆಗೆ ಮಾತ್ರ. ಯೋಜನೆಯ ಸಬ್ಸಿಡಿ ಶೇ 35, ನಮ್ಮ ರಾಜ್ಯ ಅದಕ್ಕೆ ಇನ್ನೂ ಶೇ 15 ಸೇರಿಸಿ ಶೇ 50 ಮಾಡಿದೆ, 15 ಲಕ್ಷ ರೂಪಾಯಿವರೆಗೆ. ಎಲ್ಲರೂ ಕೇಳುವುದು ಈ ಶೇ 50ರ ಬಗ್ಗೆ. ನನಗೆ ಅದರಲ್ಲಿ ಜಾಸ್ತಿ ಇಷ್ಟವಾದದ್ದು ಇನ್ನೊಂದು ಸಣ್ಣ ಅಂಶ. ಆಹಾರ ತಯಾರಿಸುವ ಸಂಘದ ಸದಸ್ಯೆಗೆ ತಲಾ 40,000 ರೂಪಾಯಿವರೆಗೆ ಮೂಲ ಬಂಡವಾಳ ಇದೆ. ಇದರಲ್ಲಿ ಜೋಳ ಕೊಳ್ಳಬಹುದು, ಪ್ಯಾಕೆಟ್ ತರಬಹುದು, ಸಣ್ಣ ಪುಟ್ಟ ಸಲಕರಣೆ ತೆಗೆದುಕೊಳ್ಳಬಹುದು. ಅಂದರೆ ದಿನ ದಿನದ ಖರ್ಚಿಗೂ ಕೊನೆಗೆ ಹಣ ಬಂತು. ಹತ್ತು ಜನರಿಗೆ 4 ಲಕ್ಷ. ಈ ಹಣ ಒಕ್ಕೂಟಕ್ಕೆ ಅನುದಾನವಾಗಿ ಬರುತ್ತದೆ, ಒಕ್ಕೂಟ ಅದನ್ನು ಸದಸ್ಯರಿಗೆ ಸಾಲವಾಗಿ ಕೊಡುತ್ತದೆ. ಅವರು ಮರಳಿಸಿದ್ದು ದೆಹಲಿಗೂ ಹೋಗುವುದಿಲ್ಲ, ಬೆಂಗಳೂರಿಗೂ ಹೋಗುವುದಿಲ್ಲ. ಒಕ್ಕೂಟದ ಪುಸ್ತಕದಲ್ಲೇ ಜಮೆಯಾಗುತ್ತದೆ, ಅಲ್ಲಿಂದ ಮುಂದಿನ ಸಂಘಕ್ಕೆ ಹೋಗುತ್ತದೆ.